ಐತಪ್ಪನವರ ಶುಕ್ರವಾರದ ಪಾಳಿ

ದೋಹಾದ ಬಳಿಯ ಅಲ್ ವಕ್ರಾದ ಕಡಲ ದಂಡೆಯಲ್ಲಿ ಬೆಳಗಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿದೆ. ನೀರಿಳಿದ ಕಡೆ ದೋಣಿಗಳು ಒಂದು ಮಗ್ಗುಲಿಗೆ ವಾಲಿಕೊಂಡಿವೆ. ಮರಳಿನ ಮೇಲೆ ಗೋಣಿ ಹಾಸಿ ಕುಳಿತ ಐತಪ್ಪ ತಂತಿ ಹೆಣೆಯುತ್ತಿದ್ದಾರೆ. ಕವುಚಿಟ್ಟ ದೊಡ್ಡ ಬುಟ್ಟಿಯಂಥದ್ದೊಂದು ಅವರ ಮುಂದೆ ಮೆಲ್ಲನೆ ಎದ್ದು ನಿಲ್ಲುತ್ತಿದೆ. ಇಲ್ಲಿಯವರು ಇದನ್ನು ಗರ್ಗೂರ್ ಎನ್ನುತ್ತಾರೆ. ಕಡಲ ತಳಕ್ಕೆ ಇಳಿಸುವ ಮೀನಿನ ಗೂಡು. ಒಳಹೊಕ್ಕ ಮೀನಿಗೆ ಹೊರಬರುವ ದಾರಿ ಸಿಗುವುದಿಲ್ಲ.

"ಊರಲ್ಲಿ ಬಳ್ಳಿ, ಇಲ್ಲಿ ಸರಿಗೆ. ಬಳ್ಳಿಯನ್ನಾದ್ರೆ ನೀರಲ್ಲಿ ನೆನೆಸ್ಬಹುದು. ಇದು ಹೇಳಿದ್ದು ಕೇಳೂದಿಲ್ಲ ಮಾರಾಯ್ರೆ, ಬೆರಳು ಕೊಯ್ತದೆ," ಎಂದು ನಗುತ್ತಾರೆ.

ಕಾರ್ಕಳದ ಬಳಿಯ ಕೊರಗರ ಮನೆಯಲ್ಲಿ ಹುಟ್ಟಿದವರು ಐತಪ್ಪ. ತಂದೆತಾಯಿ ಬುಟ್ಟಿ ಹೆಣೆದು ಮಕ್ಕಳನ್ನು ಸಾಕಿದರು. ಪ್ಲಾಸ್ಟಿಕ್ ಬಂದು ಬುಟ್ಟಿ ಕೇಳುವವರಿಲ್ಲದಾದಾಗ ಐತಪ್ಪ ದೋಹಾಕ್ಕೆ ಬಂದು ಕಟ್ಟಡಗಳಲ್ಲಿ ಸಿಮೆಂಟು ಹೊತ್ತರು. ಒಮ್ಮೆ ದಂಡೆಯಲ್ಲಿ ಹರಿದುಬಿದ್ದಿದ್ದ ಗೂಡೊಂದನ್ನು ಸುಮ್ಮನೆ ಕೂತು ಸರಿಪಡಿಸುತ್ತಿದ್ದಾಗ ದೋಣಿಯ ಅರಬಿ ಯಜಮಾನ ನೋಡಿದ. "ಯಲ್ಲಾ, ಬಾ, ನಾಳೆಯಿಂದ ಇಲ್ಲೇ ಕೆಲಸ," ಎಂದ. ಈಗ ದಿನಕ್ಕೆ ಎರಡು ಗೂಡು ಮುಗಿಸುತ್ತಾರೆ. ಗಾಳಿ ಇದ್ದರೆ ಒಂದೇ.

ವಾಸಕ್ಕೆ ಐದು ಜನರ ಒಂದು ಕೋಣೆ. ಎಲ್ಲರೂ ಕರಾವಳಿಯವರು. ಅಡುಗೆ ಪಾಳಿಯ ಮೇಲೆ, ಶುಕ್ರವಾರ ಐತಪ್ಪನವರದ್ದು. ಅವರ ಮೀನು ಸಾರಿಗೆ ಪಕ್ಕದ ಕೋಣೆಯವರೂ ತಟ್ಟೆ ಹಿಡಿದು ಬರುತ್ತಿದ್ದ ಕಾಲವೊಂದಿತ್ತು. ಜಾತಿ ಯಾರೂ ಕೇಳಿರಲಿಲ್ಲ. "ಕೇಳಿದ್ರೆ ಹೇಳ್ತಿದ್ದೆ," ಎನ್ನುತ್ತಾರೆ.

ಹೋದ ವರ್ಷ ದೋಹಾದಲ್ಲಿರುವ ಅವರ ಊರಿನವರ ಸಂಘದಲ್ಲಿ ಒಂದು ಮತದಾನ ನಡೆಯಿತು. ಕೊರಗರು ತುಳುನಾಡಿನ ಮೂಲ ಜನ ಎಂದು ಸಂಘದ ನಿಬಂಧನೆಯಲ್ಲಿ ಬರೆಯಬೇಕು, ಸಮಿತಿಯಲ್ಲಿ ಅವರಿಗೊಂದು ಸ್ಥಾನ ಮೀಸಲಿಡಬೇಕು ಎಂಬುದು ಕಾರ್ಯದರ್ಶಿ ವಲೇರಿಯನ್ ಅವರ ಸೂಚನೆ. ಅಲ್ ಸದ್ದ್‌ನ ಆಫೀಸೊಂದರಲ್ಲಿ ಗುಮಾಸ್ತರಾದ ವಲೇರಿಯನ್ ಒಳ್ಳೆಯ ಮನಸ್ಸಿನವರು. ಐತಪ್ಪ ನಂಬಿ ತಮ್ಮ ಜಾತಿ ಹೇಳಿಕೊಂಡಿದ್ದು ಅವರೊಬ್ಬರಿಗೇ. ಸಭೆಯಲ್ಲಿ ಆವೇಶ ಬಂದು, "ಅವರು ಎಲ್ಲೋ ಇರೋರಲ್ಲ, ನಮ್ಮ ಐತಪ್ಪನೇ ಇದ್ದಾರಲ್ಲ!" ಎಂದು ಕೈ ತೋರಿಸಿಬಿಟ್ಟರು. ಸಭೆಯೆಲ್ಲ ತಿರುಗಿ ನೋಡಿತು.

ಸೂಚನೆ ಸೋತಿತು. ವಲೇರಿಯನ್ ರಾಜೀನಾಮೆ ಕೊಟ್ಟರು, ಸಂಘ ಒಡೆದು ಎರಡಾಯಿತು. ತಮ್ಮಲ್ಲಿ ಭೇದಭಾವ ಇಲ್ಲವೆಂದು ತೋರಿಸಲು ಎರಡೂ ಬಣಗಳು ಐತಪ್ಪನವರನ್ನು ವೇದಿಕೆಗೆ ಕರೆದವು, ಕೊರಗರ ಡೋಲು ಬಾರಿಸಬೇಕಂತೆ. "ನನಗೆ ಡೋಲು ಬರೂದಿಲ್ಲ. ಅಪ್ಪ ಬಾರಿಸ್ತಿದ್ರು, ಗದ್ದೆಯಂಚಲ್ಲಿ ನಿಂತು. ಊಟ ಮುಗಿದ ಮೇಲೆ ಕರೀತಿದ್ರು, ಎಲೆಯಲ್ಲಿ ಉಳಿದದ್ದಕ್ಕೆ," ಎಂದವರೇ ತಂತಿಯ ತುದಿಯನ್ನು ಇಕ್ಕಳದಲ್ಲಿ ಬಗ್ಗಿಸುತ್ತಾರೆ.

ಆಮೇಲಿನ ಶುಕ್ರವಾರ ಕೋಣೆಯ ಇಬ್ಬರಿಗೆ ಹೊಟ್ಟೆ ಸರಿಯಿರಲಿಲ್ಲ. ಅದರ ಮುಂದಿನ ಶುಕ್ರವಾರವೂ ಸರಿಯಿರಲಿಲ್ಲ. ಅದೇ ಕೋಣೆಯ, ಕಿರಾಣಿ ವ್ಯಾನಿನ ಡ್ರೈವರ್ ಅಬ್ದುಲ್ ಮಜೀದ್ ತಡೆಯಲಾರದೆ, "ಎಂಥದ್ದು, ನಿಮ್ಮ ಹೊಟ್ಟೆಗೆ ಕ್ಯಾಲೆಂಡರ್ ಓದ್ಲಿಕ್ಕೆ ಬರ್ತದಾ?" ಎಂದು ಕೇಳಿದ ಮೇಲೆ ಅವರಿಗೂ ಆ ಇಬ್ಬರಿಗೂ ಮಾತು ನಿಂತಿತು. ಕೊನೆಗೆ ಆ ಇಬ್ಬರೇ ಒಂದು ದಾರಿ ಹೇಳಿದರು: "ಐತಪ್ಪಣ್ಣ, ನಿಮಗೆ ಬಿಸಿಲಲ್ಲಿ ಕೆಲಸ. ಅಡುಗೆ ಇನ್ನು ಬೇಡ, ನಾವೇ ಮಾಡ್ತೇವೆ."

ಒಪ್ಪಿದ್ದರೆ ಕೋಣೆ ಮತ್ತೆ ಒಂದಾಗುತ್ತಿತ್ತು. ಮಜೀದ್ ಸಹ, "ಹೋಗ್ಲಿ, ಖಲಾಸ್ ಮಾಡಿ," ಎಂದರು. ಐತಪ್ಪ ಒಪ್ಪಲಿಲ್ಲ.

ಇದನ್ನೆಲ್ಲ ಪತ್ರಿಕೆಗೆ ಬರೆದರೆ ಇನ್ನಷ್ಟು ಜನರಿಗೆ ಗೊತ್ತಾಗುತ್ತದಲ್ಲ ಎಂದು ನಾನು ಅಳುಕಿನಿಂದಲೇ ಕೇಳಿದ್ದಕ್ಕೆ ಅವರು ಇಕ್ಕಳ ಕೆಳಗಿಟ್ಟರು. "ಆವತ್ತು ಯಾರೂ ನನ್ನನ್ನು ಕೇಳ್ಲಿಲ್ಲ. ನೀವು ಕೇಳಿದ್ರಿ. ಹಾಕಿ."

ಇವತ್ತು ಶುಕ್ರವಾರ. ಕೆಲಸ ಬೇಗ ಮುಗಿಸಿ ಇಲ್ಲಿ ಸಿಗುವ ಶೇರಿ ಮೀನು ತೆಗೆದುಕೊಂಡು ಕೋಣೆಗೆ ಬಂದವರು ತೆಂಗಿನಕಾಯಿ ಒಡೆಯುತ್ತಾರೆ, ಮಸಾಲೆ ಅರೆಯುತ್ತಾರೆ. ಅಕ್ಕಿ ಅಳೆಯುವುದು ಐದು ಜನರಿಗೇ. ಇಬ್ಬರು ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದು ಅಡುಗೆ ಮೂಲೆಯಿಂದ ಕಾಣುತ್ತದೆ.

"ಅವರು ಉಣ್ಣದಿದ್ರೆ ಬಿಡ್ಲಿ," ಎನ್ನುತ್ತಾ ಐತಪ್ಪ ಸಾರಿನ ಉಪ್ಪು ನೋಡುತ್ತಾರೆ. "ಪಾಳಿ ಮಾತ್ರ ನಾನು ಬಿಟ್ಟುಕೊಡೂದಿಲ್ಲ."