ಇಲ್ಲ ಎನ್ನಲು ಬಾರದ ವೆಬ್‌ಸೈಟು

ನಮ್ಮ ಆಫೀಸು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿದೆ. ಅಲ್ಲಿ ಕೂತು ನಾವು ಹಸು ಸಾಕುವವರಿಗೆಂದು ಒಂದು ವೆಬ್‌ಸೈಟು ಮಾಡಿದೆವು. ಫೋನಿನಲ್ಲಿ ಊರು ಆರಿಸಿ, ಹಸುವಿಗೆ ಏನಾಗಿದೆ ಎಂದು ಒತ್ತಿದರೆ ಆ ಊರಿನ ದನದ ಡಾಕ್ಟರಿಗೆ ಸಂದೇಶ ಹೋಗಬೇಕು, ಅವರು ಗಾಡಿ ಹತ್ತಬೇಕು. ಸರಳ ಕೆಲಸ. ಅದನ್ನು ಕೆಡಿಸಲು ಸಾಕಷ್ಟು ಸಂಸ್ಕಾರ ಬೇಕು. ನಮ್ಮ ಯಜಮಾನರಲ್ಲಿ ಅದು ಧಾರಾಳವಾಗಿತ್ತು.

ಯಜಮಾನರು ಬಂಗಾರಪೇಟೆ ಕಡೆಯ ಹಳ್ಳಿಯವರು. ನಮ್ಮ ಕಡೆ ಮದುವೆಗೆ ಕರೆಯಲು ಬಂದವರ ಮುಖಕ್ಕೆ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. 'ಆಯ್ತು, ಬತ್ತೀವಿ' ಎಂದು ಕಾಫಿ ಕೊಟ್ಟು ಕಳಿಸಿ, ಆಮೇಲೆ ಮನೆಯಲ್ಲೇ ಇರುತ್ತಾರೆ. ಈ ಮರ್ಯಾದೆಯನ್ನು ಅವರು ಕಂಪ್ಯೂಟರಿಗೂ ಕಲಿಸಿದರು. ಒಳಗೆ ಏನೇ ಕೆಟ್ಟರೂ ಪರದೆಯ ಮೇಲೆ 'ನಮಸ್ಕಾರ, ನಿಮ್ಮ ಕೋರಿಕೆ ತಲುಪಿದೆ, ಡಾಕ್ಟರು ಬರುತ್ತಾರೆ' ಎಂದೇ ಬರಬೇಕು.

"ಬಾಗಿಲಿಗೆ ಬಂದೋರಿಗೆ ಇಲ್ಲ ಅಂತಾರೇನಪ್ಪ?" ಎಂದು ನನ್ನನ್ನೇ ಕೇಳಿದ್ದರು.

ವೆಬ್‌ಸೈಟಿನ ಎಲ್ಲ ಭಾಗಗಳೂ ಸೇರಿ ಸರಿಯಾಗಿ ನಡೆಯುತ್ತವೆಯೇ ಎಂದು ನೋಡಲು ಟೆಸ್ಟುಗಳಿರುತ್ತವೆ. ಟೆಸ್ಟು ತಾನೇ ರೈತನಂತೆ ನಟಿಸಿ ಗುಂಡಿ ಒತ್ತುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ನಮ್ಮ ಟೆಸ್ಟುಗಳನ್ನು ಬರೆದವರೂ ಯಜಮಾನರೇ. ಕೊನೆಯ ಪುಟದಲ್ಲಿ 'ನಮಸ್ಕಾರ' ಇದೆಯೇ ಎಂದಷ್ಟೇ ಅವು ನೋಡುತ್ತಿದ್ದವು. ಇಲ್ಲದೆ ಎಲ್ಲಿ ಹೋದೀತು? ದಿನವೂ ಹಸಿರು, ದಿನವೂ ಯಜಮಾನರ ಮುಖದಲ್ಲಿ ಗೆಲುವು.

ವೆಬ್‌ಸೈಟು ತೆರೆದು ವಾರವಾಗಿತ್ತು. ಬೆಳಿಗ್ಗೆ ಆಫೀಸಿಗೆ ಚಿಕ್ಕಮ್ಮನ ಫೋನು ಬಂತು. ಅವಳದು ಕೆಜಿಎಫ್ ಸೆರಗಿನ ಹಳ್ಳಿ, ಇರುವುದು ಒಂದೇ ಸೀಮೆಹಸು. ಅದರ ಹಾಲಿನಲ್ಲೇ ಸಂಸಾರ.

"ನಿನ್ನೆ ಸಂಜೆನೇ ಒತ್ತಿದೆ ಕಣ್ಲಾ. ಬತ್ತಾರೆ ಅಂತು. ಯಾರೂ ಬರ್ನಿಲ್ಲ. ಕರು ಅಡ್ಡ ಸಿಕ್ಕಂಡೈತೆ."

ಬಂಗಾರಪೇಟೆಯಲ್ಲಿ ಪರಿಚಯದ ಒಬ್ಬ ಡಾಕ್ಟರಿಗೆ ಫೋನು ಮಾಡಿ ಹೊರಡಿಸಿದೆ. ಆಮೇಲೆ ಟೆಸ್ಟುಗಳ ಮುಂದೆ ಕೂತೆ.

ಚಿಕ್ಕಮ್ಮನ ಊರು ಕೊಟ್ಟು ಓಡಿಸಿದೆ: ಹಸಿರು. ಭೂಮಿಯ ಮೇಲೆ ಇಲ್ಲದ ಊರು ಕೊಟ್ಟೆ: ಹಸಿರು. ಸಿಟ್ಟು ಬಂದು, ಟೆಸ್ಟಿಗೆಂದು ಇಟ್ಟ ಪಟ್ಟಿಯಿಂದ ಜಿಲ್ಲೆಯ ದನದ ಡಾಕ್ಟರುಗಳನ್ನೆಲ್ಲ ಅಳಿಸಿಹಾಕಿದೆ. ಒಬ್ಬ ಡಾಕ್ಟರೂ ಇಲ್ಲದ ಜಿಲ್ಲೆಯಲ್ಲಿ ಡಾಕ್ಟರು ಬರುತ್ತಾರೆ ಎಂದು ಅದು ಕೈಮುಗಿಯಿತು. ಹೀಗೆ ಮೂಗಿಗೆ ತುಪ್ಪ ಸವರುವುದನ್ನು ಚುನಾವಣೆಗೆ ನಿಂತವರಲ್ಲಿ ಮಾತ್ರ ಕಂಡಿದ್ದೆ.

ಒಳಗಿನ ದೋಷಗಳನ್ನೆಲ್ಲ ಹಿಡಿದು ಸದ್ದಿಲ್ಲದೆ ಬಿಸಾಡುತ್ತಿದ್ದ ಸಾಲುಗಳನ್ನು ಹುಡುಕಿ ಕಿತ್ತೆ. ಅಳಿಸಿದ ಡಾಕ್ಟರುಗಳನ್ನು ವಾಪಸು ಸೇರಿಸಿ, ಜಿಲ್ಲೆಯ ಎಲ್ಲ ಊರುಗಳನ್ನೂ ಕೊಟ್ಟು ಮತ್ತೆ ಓಡಿಸಿದೆ. ಪರದೆ ತುಂಬ ಕೆಂಪು. ಆಗ ನಿಜ ಸಂಗತಿ ಹೊರಬಿತ್ತು. ಕೆಜಿಎಫ್ ಬೇರೆ ತಾಲ್ಲೂಕಾದಾಗ ಚಿಕ್ಕಮ್ಮನ ಊರು ಬಂಗಾರಪೇಟೆಯಿಂದ ಆ ಕಡೆಗೆ ಹೋಗಿತ್ತು. ನಮ್ಮ ಪಟ್ಟಿಯಲ್ಲೂ ಊರು ಹೊಸ ತಾಲ್ಲೂಕಿಗೆ ಹೋಗಿತ್ತು, ಅದರ ಡಾಕ್ಟರು ಮಾತ್ರ ಹಳೆಯ ತಾಲ್ಲೂಕಿನಲ್ಲೇ ಉಳಿದಿದ್ದರು. ಅಂಥ ಯಾವ ಊರಿನಿಂದ ಒತ್ತಿದರೂ ಡಾಕ್ಟರು ಸಿಗುತ್ತಿರಲಿಲ್ಲ, ಸಂದೇಶ ಹೊರಡುತ್ತಲೇ ಇರಲಿಲ್ಲ. ಟೆಸ್ಟುಗಳಲ್ಲಿ ಇದ್ದದ್ದು ಒಂದೇ ಊರು, ಯಜಮಾನರದು. ಅದು ಬಂಗಾರಪೇಟೆಯಲ್ಲಿ ಭದ್ರವಾಗಿತ್ತು.

ಮಧ್ಯಾಹ್ನ ಡಾಕ್ಟರೇ ಫೋನು ಮಾಡಿದರು. ಹಸು ಉಳಿಯಿತು. ಕರು ಹೊಟ್ಟೆಯಲ್ಲೇ ಸತ್ತಿತ್ತು. ರಾತ್ರಿಯೇ ಕರೆದಿದ್ದರೆ ಎರಡೂ ಉಳಿಯುತ್ತಿದ್ದವು ಎಂದರು.

ಊಟ ಮುಗಿಸಿ ಬಂದ ಯಜಮಾನರು ನನ್ನ ಪರದೆ ನೋಡಿ ನಿಂತರು.

"ಏನಪ್ಪಾ ಇದು, ಇಷ್ಟೊಂದು ಕೆಂಪು? ಸೋಮವಾರ ಹಾಲಿನ ಸಂಘದೋರು ನೋಡಾಕೆ ಬತ್ತಾರೆ. ಮೊದ್ಲು ಎಂಗಿತ್ತೋ ಅಂಗೇ ಮಾಡಿಬಿಡು."

"ನಮ್ಮ ಚಿಕ್ಕಮ್ಮನ ಹಸುವಿನ ಕರು ಸತ್ತೋಯ್ತು ಸಾರ್. ನಮ್ಮ ನಮಸ್ಕಾರ ನಂಬ್ಕೊಂಡು ರಾತ್ರಿಯೆಲ್ಲಾ ಕೂತಿದ್ಲು."

ಅವರು ನಿಜಕ್ಕೂ ನೊಂದುಕೊಂಡರು. 'ಪಾಪ' ಎಂದರು. ಆಮೇಲೆ, "ನಮಸ್ಕಾರದ ಕೆಳಗೆ ಕ್ಷಮೆ ಇರಲಿ ಅಂತ ಒಂದು ಸಾಲು ಸೇರಿಸಿದ್ರೆ ಎಂಗೆ?" ಎಂದು ಕೇಳಿದರು. ಅವರ ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ನನಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಕಿತ್ತ ಸಾಲುಗಳನ್ನು ನಾನು ವಾಪಸು ಹಾಕಲಿಲ್ಲ. ಪಟ್ಟಿ ತಿದ್ದುವುದು ಅಷ್ಟರಲ್ಲಿ ಮುಗಿಯಲಿಲ್ಲ, ಸೋಮವಾರ ಸಂಘದವರು ಕೆಂಪನ್ನೇ ನೋಡಿ ಹೋದರು. ಯಜಮಾನರು ಈಗಲೂ ನನ್ನೊಡನೆ ಬಲು ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ, ಅಂದರೆ ಮಾತು ಬಿಟ್ಟಿದ್ದಾರೆ.

ಸಂಘದವರು ಬರುವ ಹಿಂದಿನ ದಿನ, ಭಾನುವಾರ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬೈಯುತ್ತಾಳೆಂದು ಹೆದರಿದ್ದೆ, ಬೈಯಲಿಲ್ಲ. ಕರುವಿಲ್ಲದ ಹಸು ಸೊರ ಬಿಡದೆ, ಕೆಚ್ಚಲಿಗೆ ಹಾಲು ಇಳಿಸದೆ, ಒದೆಯುತ್ತಿತ್ತು. ಅವಳು ಖಾಲಿ ಚೊಂಬು ಹಿಡಿದು ಅದರ ಬೆನ್ನು ಸವರುತ್ತಿದ್ದಳು. ತಾಲ್ಲೂಕು, ಪಟ್ಟಿ, ಟೆಸ್ಟು ಎಂದು ನಾನು ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡಳು.

"ಅದೆಲ್ಲ ಇರ್ಲಿ ಬಿಡ್ಲಾ," ಎಂದಳು. "ಇಲ್ಲ ಅಂತ ಒಂದು ಮಾತು ಅಂದಿದ್ರೆ, ನಾನು ಆಗ್ಲೇ ಆಟೋ ಮಾಡ್ಕೊಂಡು ಓಗಿ ಡಾಕ್ಟ್ರನ್ನ ಕರ್ಕೊಂಡು ಬತ್ತಿದ್ನಲ್ಲಾ."