ಪೀಟರ್ ಆರಿಸಿದ ಖಾಲಿ ತೋಟಾಗಳು

ನನ್ನ ಗಂಡ ಪೀಟರ್ ಮಾತಿನಲ್ಲಿ ಹಿಂದೆ, ಹಟದಲ್ಲಿ ಮುಂದೆ. ಶಿರ್ವದಿಂದ ಮಸ್ಕತ್ತಿಗೆ ಬಂದು ಇಪ್ಪತ್ತೊಂದು ವರ್ಷ. ಮೊದಲು ರುಸೈಲಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತರು, ಆಮೇಲೆ ಅದರಾಚೆಗಿನ ರೈಫಲ್ ಕ್ಲಬ್ಬು ಸೇರಿದರು. ಗುಂಡು ಹಾರಿದ ಮೇಲೆ ಬೀಳುವ ಹಿತ್ತಾಳೆಯ ಖಾಲಿ ತೋಟಾ ಹೆಕ್ಕುವುದು ಕೆಲಸ. ಎಂತ ದೊಡ್ಡ ಕೆಲಸ ಮಾರಾಯ್ರೆ ಅಂತ ನಾನೂ ತಮಾಷೆ ಮಾಡಿದವಳೇ.

ಹೆಕ್ಕುವುದು ಸುಲಭ, ಆರಿಸುವುದು ಕಷ್ಟ. ಅದೇ ತೋಟಾಕ್ಕೆ ಮತ್ತೆ ಮದ್ದು ತುಂಬಿಸುವ ಮೊದಲು ತುದಿ ಬಾಗಿಸಿದ ತಂತಿಯನ್ನು ತೋಟಾದೊಳಗೆ ಇಳಿಸಿ ಬುಡದ ಹತ್ತಿರ ಆಡಿಸಬೇಕು. ಹಲವು ಸಲ ಹಾರಿಸಿದ್ದು ಒಳಗೇ ಸವೆದು ಗೆರೆ ಬಿದ್ದಿದ್ದರೆ ತಂತಿ ಅಲ್ಲಿ ತಡೆಯುತ್ತದೆ. ಅಂಥದ್ದನ್ನು ಇಕ್ಕಳದಲ್ಲಿ ಜಜ್ಜಿ ಬಿಸಾಡಬೇಕು. ಬಿಟ್ಟರೆ ಇನ್ನೊಮ್ಮೆ ಹಾರಿಸುವಾಗ ಅದು ಒಡೆದು ಬೆಂಕಿ ಹಾರಿಸುವವನ ಮುಖಕ್ಕೇ ಬರಬಹುದು. ಹೊರಗಿನಿಂದ ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಕ್ಲಬ್ಬಿನ ಯಜಮಾನ ಹಿಲಾಲ್ ಅವರಿಗೆ ಇವರ ಬೆರಳಿನ ಮೇಲೆ ಎಷ್ಟು ನಂಬಿಕೆ ಎಂದರೆ, ಇವರು ಆರಿಸಿದ್ದನ್ನು ಮತ್ತೆ ನೋಡುವುದೇ ಇಲ್ಲ.

ಶುಕ್ರವಾರವೇ ಇಲ್ಲಿ ವಾರದ ರಜೆ. ಆ ಶುಕ್ರವಾರ ಬೆಳಿಗ್ಗೆ, ಅಲ್ ಖುವೈರಿನ ನಮ್ಮ ಫ್ಲ್ಯಾಟಿನಲ್ಲಿ, ಇಗರ್ಜಿಗೆ ಹೊರಡುವ ಗಡಿಬಿಡಿ. ಕುದಿಯುವ ಚಹಾ ಸುರಿದ ಸ್ಟೀಲ್ ಲೋಟವನ್ನು ಇವರು ಬರಿಗೈಯಲ್ಲಿ ಹಿಡಿದು ಆರಾಮಾಗಿ ನಿಂತಿದ್ದರು. ಕೈ ಬಿಡಿಸಿ ನೋಡಿದರೆ ಬೆರಳ ತುದಿಯೆಲ್ಲ ಕೆಂಪು, ಇವರಿಗೆ ಗೊತ್ತೇ ಇಲ್ಲ. ಶುಗರ್ ಇದ್ದದ್ದು ನನಗೆ ಗೊತ್ತಿತ್ತು. ಈ ಜೋಮು ಯಾವಾಗಿನಿಂದ ಅಂತ ಗದರಿದೆ. ಮೂರು ತಿಂಗಳಾಯ್ತಂತೆ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ, ಮಗಳು ಆಂಡ್ರಿಯಾಳ ಹನ್ನೆರಡನೇ ಕ್ಲಾಸು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಬಾಯಿ ಬಿಡಲಿಲ್ಲವಂತೆ.

"ಹಾಗಾದರೆ ಆ ತಂತಿ?" ಎಂದೆ.

ಇವರು ತಲೆ ತಗ್ಗಿಸಿದರು. ಮೊನ್ನೆ ಆರಿಸಿಕೊಟ್ಟ ತೋಟಾಗಳಿಗೇ ಮದ್ದು ತುಂಬಿಸಿ ಹಿಲಾಲ್ ಇವತ್ತು ಬೆಳಿಗ್ಗೆ ಹಾರಿಸುತ್ತಾರೆ ಅಂದರು.

ಆರು ಸಲ ಫೋನ್ ಮಾಡಿದೆವು. ಕಿವಿ ಮುಚ್ಚಿಕೊಂಡು ಗುಂಡು ಹಾರಿಸುವವರು ಎಲ್ಲಿಂದ ಎತ್ತುತ್ತಾರೆ? ಕಾರು ಹತ್ತಿದೆವು. ದಾರಿಯುದ್ದಕ್ಕೂ ಇವರ ಮೇಲೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ನಿಜ ಹೇಳುತ್ತೇನೆ, ತಿರುಗಿ ಹೋಗುವ ಅಂತಲೂ ಒಮ್ಮೆ ಅನ್ನಿಸಿತು. ಏನೂ ಆಗದಿದ್ದರೆ ಸುಮ್ಮನೆ ಹೊಟ್ಟೆಗೆ ಕಲ್ಲು ಹಾಕಿಕೊಂಡ ಹಾಗಲ್ಲವಾ?

ಗೇಟಿನಲ್ಲೇ ಗುಂಡಿನ ಸದ್ದು ಕೇಳಿ ಜೀವ ಬಂತು. ಹಾರಿಸುತ್ತಿದ್ದಾರೆ ಅಂದರೆ ಹಿಲಾಲ್ ಅವರ ಕಣ್ಣು ನೆಟ್ಟಗುಂಟು. ಇವರು ಓಡಿ ಹೋಗಿ ನಿಲ್ಲಿಸಿದರು, ಹಿಂದಿಯಲ್ಲಿ ಎಲ್ಲ ಹೇಳಿದರು. ಹಿಲಾಲ್ ಬೈಯಲಿಲ್ಲ. ರೈಫಲ್ ಕೆಳಗಿಟ್ಟು, ಆಗಷ್ಟೇ ಹಾರಿಸಿದ ಒಂಬತ್ತು ತೋಟಾ ಹೆಕ್ಕಿ, ಇವರು ದಿನಾ ಹಿಡಿಯುವ ತಂತಿಯ ಜೊತೆ ಇವರ ಮುಂದಿಟ್ಟರು. ಇವರು ಕಣ್ಣು ಮುಚ್ಚಿ ಒಂದೊಂದರೊಳಗೂ ತಂತಿ ಆಡಿಸಿ ನೋಡಿದರು. ಬೆರಳಿಗೇನೂ ಗೊತ್ತಾಗುವುದಿಲ್ಲ ಅಂದುಬಿಟ್ಟರು. ಹಿಲಾಲ್ ತಂತಿಯನ್ನು ನನ್ನ ಕಡೆ ಚಾಚಿದರು.

ಪಾತ್ರೆ ತೊಳೆಯುವ ಕೈ ನನ್ನದು, ನನಗೆಂತ ತಿಳಿಯುತ್ತದೆ ಅಂದುಕೊಂಡೆ. ಆರರವರೆಗೆ ನುಣ್ಣಗೆ ಹೋಯಿತು. ಏಳನೆಯದರಲ್ಲಿ ತಂತಿ ತಡೆದು ನಿಂತಿತು. ಮತ್ತೆ ತಿರುಗಿಸಿದೆ, ಅಲ್ಲೇ ನಿಂತಿತು. ಏನೂ ಇಲ್ಲ ಅನ್ನಬಹುದಿತ್ತು. ಇವರ ಮುಖ ನೋಡಿದೆ.

"ಹೇಳು ಜೇನ್," ಎಂದರು ಇವರು, ಕೊಂಕಣಿಯಲ್ಲಿ.

"ಇದರಲ್ಲಿ ಗೆರೆ ಉಂಟು," ಎಂದೆ.

ಹಿಲಾಲ್ ತಮ್ಮ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಇವರ ಭುಜದ ಮೇಲೆ ಕೈಯಿಟ್ಟು ಶುಕ್ರನ್ ಅಂತ ಅರಬಿಯಲ್ಲಿ ಥ್ಯಾಂಕ್ಸ್ ಹೇಳಿದರು. ಆಮೇಲೆ ನನ್ನ ಕೈಯಿಂದ ತಂತಿ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು. ಇವರಿಗೆ ವಾಪಸು ಕೊಡಲಿಲ್ಲ.