ಬಂದೂಕಿಗೆ ಮರಳಿದ ಸೇವಂತಿಗೆ

ನಾನು ಬಂದೂಕಿನ ಮೇಲೆ ಸೇವಂತಿಗೆ ಇಟ್ಟು ಕೈಮುಗಿದದ್ದೇ, ಓಕಾದಾ-ಸಾನ್ ಮಾತು ನಿಲ್ಲಿಸಿದರು. ಜಪಾನಿನ ಹಮಾಮತ್ಸುವಿನಲ್ಲಿ ನಮ್ಮ ನೆರೆಮನೆಯ ಈ ಹಿರಿಯರು, ಯುದ್ಧಕಾಲದಲ್ಲಿ ಜಪಾನ್ ಮಿತ್ರದೇಶಗಳಿಗೆ ಎರವಲು ಕೊಟ್ಟಿದ್ದ ರೈಫಲ್‌ಗಳನ್ನು ಹುಡುಕಿ ತರಿಸುತ್ತಾರೆ. ಯಾವುದರಿಂದಲೂ ಈಗ ಗುಂಡು ಹಾರುವುದಿಲ್ಲ. ಅಂದು ಆಯುಧಪೂಜೆ. ಕಾರಿಗೆ ಏರಿಸಿ ಉಳಿದ ಹೂ ಹಿಡಿದೇ ಅವರ ಮನೆಗೆ ಹೋಗಿದ್ದೆ.

ತಪ್ಪಾಯಿತೇನೋ ಎಂದು “ಸುಮಿಮಾಸೆನ್” ಎಂದೆ. ಅವರು ಮೆಲ್ಲಗೆ ಹೇಳಿದ್ದನ್ನು, ಜೊತೆಗೆ ಬಂದಿದ್ದ ನನ್ನ ಮಗಳು ಕನ್ನಡಕ್ಕೆ ತಂದಳು: “ಅಪ್ಪಾ, ನೀನು ಹೂ ಇಟ್ಟ ಜಾಗದಲ್ಲೇ ಚಕ್ರವರ್ತಿಯ ಸೇವಂತಿಗೆ ಮುದ್ರೆ ಇತ್ತಂತೆ. ಬೇರೆ ದೇಶಕ್ಕೆ ಕೊಡೋ ಮುಂಚೆ ಉಜ್ಜಿ ಅಳಿಸಿಬಿಟ್ರಂತೆ.”

ಹೂ ತೆಗೆಯಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

ಬಂದೂಕುಗಳನ್ನು ದಿನವೂ ಎಣ್ಣೆಬಟ್ಟೆಯಲ್ಲಿ ಒರೆಸುವ ಓಕಾದಾ-ಸಾನ್, ಅದೊಂದನ್ನು ಮಾತ್ರ ಇನ್ನೂ ಒರೆಸಿಲ್ಲ. ಬಾಡಿದ ಹೂ ಅಲ್ಲೇ ಇದೆ.